ಎಲ್ವಿಸ್ ಹಾಡುಗಳಿಗೆ ಆಲ್ಬರ್ಟ್ ಕಿಂಗ್ ಕೈ ಹಾಕಿದ್ದೇಕೆ?

ತಂತಿಮೋಹಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತವನ್ನು ಬಲ್ಲವರ ಮುಂದೆ ಒಂದು ಗೊಂದಲವನ್ನು ಇಡುತ್ತಿದ್ದೇನೆ. ಬ್ಲೂಸ್ ಗಾಯಕ, ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ ಅವರ 1967ರ ಆಲ್ಬಮ್ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ನಮ್ಮ ಮನೆಯಲ್ಲಿ ಎಷ್ಟು ಸಲ ಮೊಳಗಿದೆಯೆಂದರೆ, ಇಂಗ್ಲಿಷ್ ಹಾಡೆಂದರೆ ಮೂಗು ಮುರಿಯುವ ನನ್ನ ತಾಯಿಯೂ ಸೊಪ್ಪು ಬಿಡಿಸುತ್ತಾ ಅದರ ಬಾಸ್ ಗಿಟಾರಿನ ಸಾಲನ್ನು ತಮಗರಿವಿಲ್ಲದೆ ಗುನುಗುತ್ತಾರೆ. ಆ ಅಭಿಮಾನದಿಂದಲೇ ಕಳೆದ ವಾರ ಅವರ 1970ರ ಆಲ್ಬಮ್ಮನ್ನು ಹುಡುಕಿ ಕೇಳಿದೆ. ಸ್ಟಾಕ್ಸ್ ಕಂಪನಿ ಹೊರತಂದ ಈ ಆಲ್ಬಮ್ಮಿಗೆ ‘ಬ್ಲೂಸ್ ಫಾರ್ ಎಲ್ವಿಸ್’ ಎಂದೂ ‘ಕಿಂಗ್ ಡಸ್ ದ ಕಿಂಗ್ಸ್ ಥಿಂಗ್ಸ್’ ಎಂದೂ ಎರಡು ಹೆಸರು. ಇರುವುದು ಒಂಬತ್ತು ಹಾಡು. ಒಂಬತ್ತೂ ಎಲ್ವಿಸ್ ಪ್ರೀಸ್ಲಿ ಹಾಡಿ ಜಗತ್ತಿಗೆ ಬಾಯಿಪಾಠ ಮಾಡಿಸಿದಂಥವು. ‘ಹೌಂಡ್ ಡಾಗ್’ನಿಂದ ಆರಂಭವಾಗಿ ‘ಲವ್ ಮಿ ಟೆಂಡರ್’ನಲ್ಲಿ ಮುಗಿಯುತ್ತದೆ.

ನನಗೆ ಅರ್ಥವಾಗದಿರುವುದು ಇದು. ಐವತ್ತರ ಹತ್ತಿರಕ್ಕೆ ಬಂದಿದ್ದ, ಅಷ್ಟು ಹೊತ್ತಿಗಾಗಲೇ ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅಂಥವರು ಸಾಲು ಸಾಲಾಗಿ ಕದ್ದು ಕಲಿಯುತ್ತಿದ್ದ ಒಬ್ಬ ಗಿಟಾರ್ ವಾದಕ, ಹದಿಹರೆಯದವರು ಕುಣಿದ ರಾಕ್ ಅಂಡ್ ರೋಲ್ ಹಾಡುಗಳನ್ನು ಎತ್ತಿಕೊಂಡು ಒಂದಿಡೀ ಆಲ್ಬಮ್ ಮಾಡಬೇಕಾಗಿ ಬಂದದ್ದಾದರೂ ಏಕೆ? ಮೊದಲ ಸಲ ಕೇಳಿದಾಗ ಹಾಡುಗಾರಿಕೆ ನನಗೆ ಅರೆಮನಸ್ಸಿನದೆನಿಸಿತು. ಗಿಟಾರ್ ಬಂದಾಗ ಮಾತ್ರ ಕಿವಿ ನಿಮಿರಿತು. ಇದನ್ನು ಗೌರವಾರ್ಪಣೆ ಎನ್ನಬೇಕೋ, ಕಂಪನಿಯ ವ್ಯಾಪಾರ ಬುದ್ಧಿ ಎನ್ನಬೇಕೋ, ತಿಳಿದವರು ಹೇಳಬೇಕು.

ಹಳೆಯ_ತಟ್ಟೆ

ವ್ಯಾಪಾರ ಬುದ್ಧಿ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಆದರೂ ಕೇಳಿದ್ದೀರಾದ್ದರಿಂದ ಹಿನ್ನೆಲೆಯನ್ನು ಹೇಳುತ್ತೇನೆ. ಸ್ಟಾಕ್ಸ್ ಎಂಬುದು ಅಮೆರಿಕದ ಮೆಂಫಿಸ್ ನಗರದ ಸಣ್ಣ ಧ್ವನಿಮುದ್ರಿಕೆ ಕಂಪನಿ. ಅದರ ತಟ್ಟೆಗಳನ್ನು ದೇಶಕ್ಕೆಲ್ಲ ಹಂಚುತ್ತಿದ್ದುದು ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿ. 1967ರ ಡಿಸೆಂಬರಿನಲ್ಲಿ ಸ್ಟಾಕ್ಸ್‌ನ ದೊಡ್ಡ ಗಾಯಕ ಓಟಿಸ್ ರೆಡ್ಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಅಟ್ಲಾಂಟಿಕ್ ಜೊತೆಗಿನ ಸಂಬಂಧ ಮುರಿದು ಕರಾರುಪತ್ರವನ್ನು ಬಿಚ್ಚಿ ನೋಡಿದಾಗ, ಅದುವರೆಗೆ ಅವರು ಹಂಚಿದ್ದ ಧ್ವನಿಮುದ್ರಿಕೆಗಳ ಒಡೆತನವೇ ಅಟ್ಲಾಂಟಿಕ್ ಪಾಲಾಗಿರುವುದು ಸ್ಟಾಕ್ಸ್‌ನವರಿಗೆ ಗೊತ್ತಾಯಿತು. ತಾವು ಮೆಚ್ಚುವ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ಕೂಡ ಹಾಗೆ ಕೈಬಿಟ್ಟು ಹೋದದ್ದೇ. ಉಗ್ರಾಣ ಬರಿದಾದ ಮನೆಯಲ್ಲಿ ಏನು ಮಾಡುತ್ತಾರೆ? ಸಿಕ್ಕಿದ್ದನ್ನೆಲ್ಲ ತಂದು ತುಂಬುತ್ತಾರೆ. 1969ರಲ್ಲಿ ಕಂಪನಿಯನ್ನು ನಡೆಸುತ್ತಿದ್ದ ಆಲ್ ಬೆಲ್ ಅವರು ಒಂದೇ ಏಟಿಗೆ 27 ಆಲ್ಬಮ್‌ಗಳನ್ನು ಮಾರುಕಟ್ಟೆಗೆ ಬಿಟ್ಟರು. ಅದೇ ಅವಸರದ ಮುಂದುವರಿಕೆ ಈ ಎಲ್ವಿಸ್ ಆಲ್ಬಮ್. ಒಬ್ಬನ ಅಡ್ಡಹೆಸರು ಕಿಂಗ್, ಇನ್ನೊಬ್ಬನಿಗೆ ಜನ ಕೊಟ್ಟ ಬಿರುದು ಕಿಂಗ್. ಶೀರ್ಷಿಕೆ ಮೊದಲು ಹೊಳೆದು, ಸಂಗೀತ ಆಮೇಲೆ ಬಂದಿದೆ.

ಇದರ ಎಲ್‌ಪಿ ನನ್ನ ಬಳಿ ಮೂವತ್ತು ವರ್ಷಗಳಿಂದ ಇದೆ. ವರ್ಷಕ್ಕೊಮ್ಮೆ ಧೂಳು ಒರೆಸುವಾಗ ಹೊರಗೆ ಬರುತ್ತದೆ, ಅಷ್ಟೇ.

ಚಿಕ್ಕಪೇಟೆ_ರಾಕರ್

ಎಲ್ವಿಸ್ ಹಾಡನ್ನು ಎಲ್ವಿಸ್ ಅವರೇ ಹಾಡಿ ಮುಗಿಸಿದ್ದಾರೆ. ಮತ್ತೊಬ್ಬರು ಹಾಡಿದರೆ ಅದು ಮದುವೆ ಮನೆಯ ಆರ್ಕೆಸ್ಟ್ರಾ ಆಗುತ್ತದೆ.

ನೀಲಿಧ್ವನಿ

ಮೇಲಿನ ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ‘ಎಲ್ವಿಸ್ ಹಾಡು’ ಎಂದು ನಾವು ಇಷ್ಟು ಸಲೀಸಾಗಿ ಹೇಳುತ್ತೇವಲ್ಲ, ಮೊದಲು ಅದನ್ನೇ ಪ್ರಶ್ನಿಸಬೇಕು. ‘ದಟ್ಸ್ ಆಲ್ ರೈಟ್’ ಹಾಡನ್ನು 1946ರಲ್ಲಿ ಬರೆದು ಹಾಡಿದವರು ಮಿಸಿಸಿಪ್ಪಿಯ ಆರ್ಥರ್ ಕ್ರುಡಪ್ ಎಂಬ ಕಪ್ಪು ಬ್ಲೂಸ್ ಗಾಯಕ. ‘ಹೌಂಡ್ ಡಾಗ್’ ಹಾಡನ್ನು 1953ರಲ್ಲಿ ಜನಪ್ರಿಯಗೊಳಿಸಿದವರು ಬಿಗ್ ಮಾಮಾ ಥಾರ್ನ್‌ಟನ್. ಆಕೆಯ ತಟ್ಟೆ ಕಪ್ಪು ಜನರ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಸಂಗೀತದ ಜನಪ್ರಿಯತೆಯ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿ ಕುಳಿತಿತ್ತು. ಅದಕ್ಕಾಗಿ ತನಗೆ ಸಿಕ್ಕಿದ್ದು ಐನೂರು ಡಾಲರಿನ ಒಂದು ಚೆಕ್ ಎಂದು ಆಕೆಯೇ ಹೇಳಿಕೊಂಡಿದ್ದಾರೆ. ಕ್ರುಡಪ್ ಅವರಿಗಂತೂ ಬದುಕಿದ್ದಷ್ಟು ಕಾಲ ನ್ಯಾಯವಾದ ರಾಯಲ್ಟಿ ದಕ್ಕಲೇ ಇಲ್ಲ. ಹೊಲಗೆಲಸ ಮಾಡಿಕೊಂಡು ಬದುಕಿ 1974ರಲ್ಲಿ ತೀರಿಕೊಂಡರು.

ಹೀಗಿರುವಾಗ ಮಿಸಿಸಿಪ್ಪಿಯಲ್ಲಿ ಹುಟ್ಟಿ, ಅರ್ಕಾನ್ಸಾದ ಹತ್ತಿ ಹೊಲಗಳಲ್ಲಿ ಬೆಳೆದು, ಬುಲ್ಡೋಜರ್ ಓಡಿಸಿ ಹೊಟ್ಟೆ ಹೊರೆದ ಆಲ್ಬರ್ಟ್ ಕಿಂಗ್ ಇದೇ ಹಾಡುಗಳನ್ನು ಎತ್ತಿಕೊಂಡು, ಅವುಗಳ ವೇಗವನ್ನು ಕಳಚಿ, ಮತ್ತೆ ಬ್ಲೂಸ್ ಆಗಿ ನುಡಿಸುತ್ತಾರೆ ಎಂದರೆ, ಅದರಲ್ಲಿ ಗೌರವಾರ್ಪಣೆಯೂ ಇಲ್ಲ, ವ್ಯಾಪಾರವೂ ಇಲ್ಲ. ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡು ಬಂದ ಹಾಗೆ ನನಗೆ ಕೇಳಿಸುತ್ತದೆ.

ತಂತಿಮೋಹಿ

ನೀಲಿಧ್ವನಿ ಅವರೇ, ಈ ದೃಷ್ಟಿಯಿಂದ ನಾನು ಯೋಚಿಸಿಯೇ ಇರಲಿಲ್ಲ. ಇಂದು ರಾತ್ರಿ ಮತ್ತೊಮ್ಮೆ ಕೇಳುತ್ತೇನೆ.

ದಾಖಲೆಪೆಟ್ಟಿಗೆ

ಕೇಳುವ ಮುನ್ನ ದಯವಿಟ್ಟು ಒಂದು ನಿಮಿಷ ತಾಳಿ. ಒಡವೆಯ ಹೋಲಿಕೆ ಚೆನ್ನಾಗಿದೆ, ಆದರೆ ಪೆಟ್ಟಿಗೆಯಲ್ಲಿರುವ ಒಂಬತ್ತು ಒಡವೆಗಳಲ್ಲಿ ಎಷ್ಟು ಯಾರ ಮನೆಯವು ಎಂದು ಎಣಿಸದೆ ಮಾತನಾಡುವುದು ಸರಿಯಲ್ಲ.

ಎಲ್ವಿಸ್‌ಗಿಂತ ಮೊದಲೇ ಕಪ್ಪು ಕಲಾವಿದರ ಧ್ವನಿಯಲ್ಲಿ ಬಂದು ಹೆಸರಾಗಿದ್ದವು ಮೂರು: ತಾವು ಹೇಳಿದ ಎರಡು ಮತ್ತು ನ್ಯೂ ಆರ್ಲಿಯನ್ಸ್‌ನ ಸ್ಮೈಲಿ ಲೂಯಿಸ್ 1956ರಲ್ಲಿ ಹಾಡಿದ ‘ಒನ್ ನೈಟ್’. ಆ ಮೂರನೆಯದರಲ್ಲಿ ಪಾಪದ ರಾತ್ರಿಯ ಮಾತಿತ್ತು. ಎಲ್ವಿಸ್ ಹಾಡುವ ಹೊತ್ತಿಗೆ ಆ ಪದವನ್ನು ತೊಳೆದು, ‘ನಿನ್ನೊಡನೆ ಒಂದು ರಾತ್ರಿ’ ಎಂದು ಮಡಿ ಮಾಡಲಾಯಿತು. ‘ಡೋಂಟ್ ಬಿ ಕ್ರೂಯೆಲ್’ ಮತ್ತು ‘ಆಲ್ ಶುಕ್ ಅಪ್’ ಎರಡನ್ನೂ ಬರೆದವರು ಬ್ರೂಕ್ಲಿನ್‌ನ ಓಟಿಸ್ ಬ್ಲ್ಯಾಕ್‌ವೆಲ್, ಅವರೂ ಕಪ್ಪು ವರ್ಣೀಯರೇ. ಆದರೆ ತಟ್ಟೆಯ ಮೇಲೆ ಅವರ ಹೆಸರಿನ ಪಕ್ಕದಲ್ಲಿ ಎಲ್ವಿಸ್ ಹೆಸರೂ ರಚನಕಾರನೆಂದು ಅಚ್ಚಾಯಿತು. ಒಂದು ಪದ ಬರೆಯದವರಿಗೂ ಅರ್ಧ ಪಾಲು ಕೊಡಬೇಕಾದ ಆ ಕಾಲದ ಪದ್ಧತಿ ಅದು.

ಉಳಿದ ನಾಲ್ಕಕ್ಕೆ ಬರೋಣ. ‘ಬ್ಲೂ ಸ್ವೇಡ್ ಶೂಸ್’ ಕಾರ್ಲ್ ಪರ್ಕಿನ್ಸ್ ಅವರದು. ಅವರು ಟೆನ್ನೆಸ್ಸಿಯ ಬಡ ಬಿಳಿಯ ಗೇಣಿದಾರರ ಮಗ. ‘ಹಾರ್ಟ್‌ಬ್ರೇಕ್ ಹೋಟೆಲ್’ ಮೇ ಆಕ್ಸ್‌ಟನ್ ಮತ್ತು ಟಾಮಿ ಡರ್ಡನ್ ಅವರದು. ‘ಜೈಲ್‌ಹೌಸ್ ರಾಕ್’ ಜೆರ್ರಿ ಲೀಬರ್ ಮತ್ತು ಮೈಕ್ ಸ್ಟೋಲರ್ ಎಂಬ ಇಬ್ಬರು ಯಹೂದಿ ಗೆಳೆಯರ ಕೃತಿ. ‘ಲವ್ ಮಿ ಟೆಂಡರ್’ನ ಧಾಟಿ 1861ರ ‘ಆರಾ ಲೀ’ ಎಂಬ ಹಳೆಯ ಹಾಡಿನದು. ಇಷ್ಟೇ ಅಲ್ಲ, ಬಿಗ್ ಮಾಮಾ ಅವರಿಗೆ ‘ಹೌಂಡ್ ಡಾಗ್’ ಬರೆದುಕೊಟ್ಟವರೂ ಅದೇ ಲೀಬರ್ ಮತ್ತು ಸ್ಟೋಲರ್. 1952ರಲ್ಲಿ ಅವರಿಗೆ ಹತ್ತೊಂಬತ್ತರ ವಯಸ್ಸು. ಹಾಗಾದರೆ ಬಿಡಿಸಿಕೊಂಡು ತಂದದ್ದು ಯಾರಿಂದ, ಯಾರಿಗೆ? ಇನ್ನೊಂದು ಮಾತು: ಕ್ರುಡಪ್ ಅವರ ಋಣವನ್ನು ಎಲ್ವಿಸ್ 1956ರಲ್ಲಿಯೇ ಪತ್ರಕರ್ತರ ಮುಂದೆ ಹೆಸರು ಹಿಡಿದು ಒಪ್ಪಿಕೊಂಡಿದ್ದರು. ಕ್ರುಡಪ್ ಅವರ ಹಣ ನುಂಗಿದ್ದು ಪ್ರಕಾಶನದ ವ್ಯವಸ್ಥೆ. ಅದನ್ನು ಗಾಯಕನ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ.

ನೀಲಿಧ್ವನಿ

ಲೆಕ್ಕಕ್ಕೆ ಕೃತಜ್ಞತೆಗಳು. ಒಂಬತ್ತರಲ್ಲಿ ಐದು ಎಂದು ತಿದ್ದಿಕೊಳ್ಳುತ್ತೇನೆ. ‘ಹೌಂಡ್ ಡಾಗ್’ ಬರೆದವರು ಯಾರೇ ಇರಲಿ, ಕೆಲಸಕ್ಕೆ ಬಾರದ ಗಂಡಸನ್ನು ಬಾಗಿಲಿನಿಂದಾಚೆ ಅಟ್ಟುವ ಹೆಣ್ಣಿನ ಬೈಗುಳಕ್ಕೆ ಬಿಗ್ ಮಾಮಾ ಅವರ ಗಂಟಲಿನಿಂದಲೇ ಜೀವ ಬಂದದ್ದು ಎಂಬ ಮಾತನ್ನು ಮಾತ್ರ ಬಿಟ್ಟುಕೊಡಲಾರೆ. ಎಲ್ವಿಸ್ ಹಾಡಿದ್ದು ಲಾಸ್ ವೇಗಸ್‌ನಲ್ಲಿ ಹಾಡುತ್ತಿದ್ದ ಒಂದು ಬಿಳಿಯರ ತಂಡ ತಿರುಚಿದ ಸಾಹಿತ್ಯವನ್ನು. ಅಲ್ಲಿ ನಾಯಿ ನಿಜವಾಗಿಯೂ ನಾಯಿಯೇ ಆಗಿಬಿಟ್ಟಿದೆ, ಮೊಲ ಹಿಡಿಯಲು ಬಾರದ ನಾಯಿ.

ಚಿಕ್ಕಪೇಟೆ_ರಾಕರ್

ಮೊಲ ಹಿಡಿಯದ ನಾಯಿಯ ಹಾಡಿಗೇ ಜಗತ್ತು ಕುಣಿದದ್ದು, ಸ್ವಾಮಿ.

ಎಡಗೈಯವನು

ಹಾಡು ಯಾರದೆಂಬ ವಿಚಾರಣೆ ನ್ಯಾಯಾಲಯದಂತೆ ಸಾಗಿದೆ. ಗಿಟಾರಿನ ಬಗ್ಗೆ ಇನ್ನೂ ಯಾರೂ ಮಾತನಾಡಿಲ್ಲವಲ್ಲ! ನಾನು ಎಡಗೈಯವನು, ನನಗೆ ಆಲ್ಬರ್ಟ್ ಕಿಂಗ್ ಎಂದರೆ ದೈವಸಮಾನರು. ಕಾರಣವನ್ನು ವಿವರಿಸುತ್ತೇನೆ.

ಎಡಗೈಯವರು ಸಾಮಾನ್ಯವಾಗಿ ಗಿಟಾರನ್ನು ತಿರುಗಿಸಿ ಹಿಡಿದು, ತಂತಿಗಳನ್ನೂ ಬಿಚ್ಚಿ ಮರುಜೋಡಿಸಿಕೊಳ್ಳುತ್ತಾರೆ. ಆಲ್ಬರ್ಟ್ ಕಿಂಗ್ ಗಿಟಾರನ್ನು ಮಾತ್ರ ತಿರುಗಿಸಿದರು, ತಂತಿಗಳನ್ನು ಇದ್ದ ಹಾಗೆಯೇ ಬಿಟ್ಟರು. ಅಂದರೆ ತೆಳುವಾದ ತಂತಿ ಮೇಲೆ, ದಪ್ಪ ತಂತಿ ನೆಲದ ಕಡೆಗೆ. ನಾವೆಲ್ಲ ತೆಳು ತಂತಿಯನ್ನು ಬೆರಳ ತುದಿಯಿಂದ ಮೇಲಕ್ಕೆ ದೂಡಿ ಸ್ವರವನ್ನು ಏರಿಸಿದರೆ, ಅವರು ಅದೇ ತಂತಿಯನ್ನು ಕೆಳಕ್ಕೆ ಎಳೆಯುತ್ತಿದ್ದರು. ದೂಡುವುದಕ್ಕೂ ಎಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಬೇಕಾದರೆ ಬಾವಿಯಿಂದ ನೀರು ಸೇದಿದವರನ್ನು ಕೇಳಿ. ಹಗ್ಗ ಎಳೆಯುವಾಗ ಇಡೀ ತೋಳಿನ ಭಾರ ಅದರ ಮೇಲೆ ಬೀಳುತ್ತದೆ. ಆರಡಿ ನಾಲ್ಕಂಗುಲವನ್ನು ಮೀರಿದ ಆ ದೇಹದ ಶಕ್ತಿಯೆಲ್ಲ ಒಂದು ತಂತಿಯ ಮೇಲೆ ಬಿದ್ದರೆ ಏನಾಗಬೇಡ! ಶ್ರುತಿಯನ್ನೂ ಅವರು ತಗ್ಗಿಸಿಕೊಳ್ಳುತ್ತಿದ್ದುದರಿಂದ ತಂತಿ ಸಡಿಲವಾಗಿದ್ದು, ಎಳೆದಷ್ಟೂ ಬರುತ್ತಿತ್ತು. ತಂತಿ ಮೀಟುವ ಬಿಲ್ಲೆಯಾದ ಪಿಕ್ ಮುಟ್ಟುತ್ತಿರಲಿಲ್ಲ, ಎಲ್ಲವೂ ಹೆಬ್ಬೆರಳಿನ ಮಾಂಸದಿಂದ. ‘ಲೂಸಿ’ ಎಂದು ಹೆಸರಿಟ್ಟಿದ್ದ ಬಾಣದಾಕಾರದ ಗಿಬ್ಸನ್ ಫ್ಲೈಯಿಂಗ್ ವಿ ಗಿಟಾರಿನಿಂದ ಹೊರಡುವ ಸ್ವರಕ್ಕೆ ಆ ದುಂಡಗಿನ, ಆದರೆ ಚುಚ್ಚುವ ಗುಣ ಬಂದದ್ದು ಹೀಗೆ.

ಈಗ ಆಲ್ಬಮ್ಮಿಗೆ ಬರುತ್ತೇನೆ. ಎಲ್ವಿಸ್ ‘ಹೌಂಡ್ ಡಾಗ್’ ಮತ್ತು ‘ಹಾರ್ಟ್‌ಬ್ರೇಕ್ ಹೋಟೆಲ್’ ಎರಡನ್ನೂ ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಸಿದ್ದಾರೆ. ಕಿಂಗ್ ಅವರ ‘ಹಾರ್ಟ್‌ಬ್ರೇಕ್ ಹೋಟೆಲ್’ ಅದರ ದುಪ್ಪಟ್ಟಿಗಿಂತಲೂ ಉದ್ದ. ಆ ಹೆಚ್ಚುವರಿ ನಿಮಿಷಗಳಲ್ಲಿ ಇರುವುದು ಸಾಹಿತ್ಯವಲ್ಲ, ಗಿಟಾರು. ಒಂದು ಸಾಲು ಹಾಡುತ್ತಾರೆ, ನಿಲ್ಲಿಸುತ್ತಾರೆ, ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ಹಾಡುವಾಗ ನುಡಿಸುವುದಿಲ್ಲ, ನುಡಿಸುವಾಗ ಹಾಡುವುದಿಲ್ಲ. ತಂತಿಮೋಹಿ ಅವರಿಗೆ ಹಾಡುಗಾರಿಕೆ ಅರೆಮನಸ್ಸಿನದೆನಿಸಿದ್ದು ಬಹುಶಃ ಅವರು ಸಂಭಾಷಣೆಯ ಒಂದು ಪಾತ್ರವನ್ನು ಮಾತ್ರ ಆಲಿಸಿದ್ದರಿಂದ ಇರಬಹುದು.

ವೈಣಿಕೆ

ನಾನು ಈ ಸಂಗೀತಕ್ಕೆ ಹೊಸಬಳು. ಮಗನ ಕೋಣೆಯಿಂದ ಕೇಳಿಸುವುದನ್ನು ಬಾಗಿಲಲ್ಲಿ ನಿಂತು ಕೇಳಿ ಕಲಿತದ್ದಷ್ಟೇ. ಎಡಗೈಯವರು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ವೀಣೆಯಲ್ಲಿ ನಾವು ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಎರಡು ಮೂರು ಸ್ವರಗಳನ್ನು ನುಡಿಸುವುದುಂಟು. ಮೆಟ್ಟಿಲು ಬದಲಾಯಿಸಿ ನುಡಿಸಿದರೆ ಸ್ವರ ಬರುತ್ತದೆ, ರಾಗ ಬರುವುದಿಲ್ಲ ಎಂದು ನನ್ನ ಗುರುಗಳು ಗದರುತ್ತಿದ್ದರು. ಈ ಕಲಾವಿದರ ಎಳೆತವನ್ನು ಗಮನವಿಟ್ಟು ಕೇಳಿದಾಗ ಗಾಂಧಾರ ಎಲ್ಲಿ ನಿಲ್ಲುತ್ತದೆಂದು ಹುಡುಕಿದೆ. ಅದು ಸಾಧಾರಣ ಗಾಂಧಾರವನ್ನು ದಾಟಿ ಅಂತರ ಗಾಂಧಾರವನ್ನು ಮುಟ್ಟದೆ, ನಡುವೆ ಎಲ್ಲೋ ತೂಗಾಡುತ್ತದೆ. ಅದು ತಪ್ಪಿ ಆದದ್ದಲ್ಲ. ಪ್ರತಿ ಸಲವೂ ಅದೇ ಜಾಗಕ್ಕೆ ಬರುತ್ತದೆ.

ಅದಾದ ಮೇಲೆ ಎಲ್ವಿಸ್ ಅವರ ಮೂಲಗಳನ್ನೂ ಕೇಳಿದೆ. ಅಲ್ಲಿ ಆ ತೂಗಾಟ ಗಿಟಾರಿಗಿಂತ ಹೆಚ್ಚಾಗಿ ಕಂಠದಲ್ಲಿದೆ. ಹಾಗಾಗಿ ಕಿಂಗ್ ಅವರು ಮಾಡಿದ್ದು ಗಾಯಕನ ಗಮಕವನ್ನು ತಂತಿಗೆ ಇಳಿಸಿದ ಕೆಲಸವೆಂದು ನನಗೆ ತೋರುತ್ತದೆ. ತಪ್ಪಿದ್ದರೆ ತಿದ್ದಿ.

ಎಡಗೈಯವನು

ಅಮ್ಮಾ, ತಿದ್ದುವುದೇನೂ ಇಲ್ಲ. ಬ್ಲೂಸ್ ಕಲಿಸುವವರು ಆ ನಡುವಿನ ಸ್ವರವನ್ನೇ ‘ಬ್ಲೂ ನೋಟ್’ ಎನ್ನುತ್ತಾರೆ. ಅದನ್ನು ಹಿಡಿಯಲು ನನಗೆ ಆರು ವರ್ಷ ಹಿಡಿಯಿತು. ತಾವು ಬಾಗಿಲಲ್ಲಿ ನಿಂತೇ ಹಿಡಿದುಬಿಟ್ಟಿರಿ.

ತಾಳಬದ್ಧ

ಡ್ರಮ್ಸ್ ನುಡಿಸುವವನಾಗಿ ನನ್ನದೊಂದು ಮಾತು. ಈ ಹಾಡುಗಳನ್ನು ‘ನಿಧಾನಗೊಳಿಸಿದರು’ ಎಂದು ಹೇಳಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದ ಹಾಗೆ. ಐವತ್ತರ ದಶಕದ ರಾಕ್ ಅಂಡ್ ರೋಲ್ ಓಟ ಮುಂದಕ್ಕೆ ಬಾಗಿರುತ್ತದೆ. ಎಲ್ಲರೂ ಬಸ್ಸು ಹಿಡಿಯಲು ಓಡುತ್ತಿರುವಂತೆ. ಸ್ಟಾಕ್ಸ್‌ನವರ ತಾಳ ಹಿಂದಕ್ಕೆ ಒರಗಿರುತ್ತದೆ. ಎರಡನೆಯ ಮತ್ತು ನಾಲ್ಕನೆಯ ಪೆಟ್ಟು ಬೀಳಬೇಕಾದ ಕ್ಷಣಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಸ್ಟಾಕ್ಸ್‌ನ ಡ್ರಮ್ ವಾದಕ ಆಲ್ ಜಾಕ್ಸನ್ ಆ ತಡವನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿದ್ದರು. ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ನಲ್ಲಿ ನುಡಿಸಿದವರೂ ಅವರೇ. ಆ ಶಾಲೆಯ ತಾಳದ ಮೇಲೆ ‘ಜೈಲ್‌ಹೌಸ್ ರಾಕ್’ ಕೂರಿಸಿದಾಗ, ಕುಣಿಯುವವನ ಕಾಲು ಹೋಗಿ ಸೊಂಟ ಅಲ್ಲಾಡತೊಡಗುತ್ತದೆ.

ಇನ್ನು ಕಿಂಗ್ ಅವರೂ ಮೊದಲು ಡ್ರಮ್ಸ್ ನುಡಿಸಿದವರೇ. ಐವತ್ತರ ದಶಕದ ಆರಂಭದಲ್ಲಿ ಇಂಡಿಯಾನಾದ ಗ್ಯಾರಿ ಪಟ್ಟಣದಲ್ಲಿ ಬ್ಲೂಸ್ ಗಾಯಕ ಜಿಮ್ಮಿ ರೀಡ್ ಅವರ ಹಿಂದೆ ಕುಳಿತು ಡ್ರಮ್ಸ್ ಬಾರಿಸಿದ್ದಾರೆ. ಅವರ ಗಿಟಾರ್ ಸೋಲೋಗಳಲ್ಲಿ ಸ್ವರಗಳ ಸಂಖ್ಯೆ ಕಡಿಮೆ, ಆದರೆ ಒಂದೊಂದೂ ಎಲ್ಲಿ ಬೀಳಬೇಕೋ ಅಲ್ಲಿಯೇ ಬೀಳುತ್ತದೆ. ಇದು ಕೋಲು ಹಿಡಿದ ಕೈಯ ಅಭ್ಯಾಸ.

ಚಿಕ್ಕಪೇಟೆ_ರಾಕರ್

ಒಂದು ಸಂದೇಹ. ಆಲ್ಬರ್ಟ್ ಕಿಂಗ್ ಇನ್ನೊಬ್ಬ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರ ತಮ್ಮನಲ್ಲವೇ? ಅವರ ಗಿಟಾರಿನ ಹೆಸರು ಲೂಸಿಲ್, ಇವರದು ಲೂಸಿ.

ದಾಖಲೆಪೆಟ್ಟಿಗೆ

ಅಲ್ಲ. ಇವರ ಹುಟ್ಟುಹೆಸರು ಆಲ್ಬರ್ಟ್ ನೆಲ್ಸನ್, ಹುಟ್ಟಿದ್ದು 1923ರಲ್ಲಿ. ತಾನು ಬಿ.ಬಿ. ಅವರ ಮಲಸಹೋದರನೆಂದು ಕೆಲವು ಕಾಲ ಹೇಳಿಕೊಂಡರು; ಬಿ.ಬಿ. ಅದನ್ನು ಅಲ್ಲಗಳೆದರು. ಆಗ ಬಿ.ಬಿ. ಅವರ ಹೆಸರು ಮೇಲೇರಿತ್ತು, ಇವರಿಗಿನ್ನೂ ಅವಕಾಶವಿರಲಿಲ್ಲ. ‘ಕಿಂಗ್’ ಎಂಬ ಹೆಸರಿನಿಂದ ಲಾಭ ಪಡೆಯುವ ವಿದ್ಯೆ ಅವರಿಗೆ ಮೊದಲಿನಿಂದಲೂ ತಿಳಿದಿತ್ತೆಂದು ಹಳೆಯ_ತಟ್ಟೆಯವರು ಹೇಳಬಹುದು. ಅವರಿಗೆ ಆ ಅಸ್ತ್ರವನ್ನು ನಾನೇ ಕೊಟ್ಟಂತಾಯಿತು.

ಹಳೆಯ_ತಟ್ಟೆ

ಕೊಟ್ಟದ್ದನ್ನು ವಿನಯದಿಂದ ಸ್ವೀಕರಿಸಿದ್ದೇನೆ.

ಆ ಕಾಲದ ಗಾಳಿ ಹೇಗಿತ್ತೆಂಬುದನ್ನೂ ನೋಡಬೇಕು. 1968ರಲ್ಲಿ ಶಿಕಾಗೋದ ಚೆಸ್ ಕಂಪನಿಯವರು ಮಡ್ಡಿ ವಾಟರ್ಸ್ ಅವರಿಂದ ‘ಎಲೆಕ್ಟ್ರಿಕ್ ಮಡ್’ ಎಂಬ ಸೈಕೆಡೆಲಿಕ್ ರಾಕ್ ಆಲ್ಬಮ್ ಮಾಡಿಸಿದರು. ಆ ಹಿರಿಯರೇ ಆಮೇಲೆ ಅದನ್ನು ಕಟುವಾಗಿ ಹಳಿದರು. ಮರುವರ್ಷ ಹೌಲಿನ್ ವುಲ್ಫ್ ಅವರಿಂದಲೂ ಅಂಥದ್ದೇ ಒಂದನ್ನು ಮಾಡಿಸಿ, ಇದು ಅವರಿಗೆ ಇಷ್ಟವಿಲ್ಲ ಎಂಬುದನ್ನೇ ತಟ್ಟೆಯ ಮುಖಪುಟದ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ ಮಾರಿದರು. ಹಿರಿಯ ಬ್ಲೂಸ್ ಕಲಾವಿದರಿಗೆ ಹುಡುಗರ ಅಂಗಿ ತೊಡಿಸಿ ಬೀದಿಗೆ ನಿಲ್ಲಿಸುವ ಕಾಲ ಅದು. ಸ್ಟಾಕ್ಸ್‌ನವರು ತೊಡಿಸಿದ ಅಂಗಿ ಸ್ವಲ್ಪ ಹಳೆಯ ಮಾದರಿಯದು, ಅಷ್ಟೇ ವ್ಯತ್ಯಾಸ.

ತಾಳಬದ್ಧ

ಆ ಹೋಲಿಕೆ ಸಲ್ಲುವುದಿಲ್ಲ. ಶಿಕಾಗೋದವರು ಆ ಹಿರಿಯರ ಸುತ್ತ ಅವರದಲ್ಲದ ಸದ್ದನ್ನು ಕಟ್ಟಿದರು. ಇಲ್ಲಿ ಸದ್ದೆಲ್ಲ ಕಿಂಗ್ ಅವರದೇ, ಸ್ಟಾಕ್ಸ್‌ನದೇ. ಹೊರಗಿನಿಂದ ಬಂದದ್ದು ಹಾಡು ಮಾತ್ರ. ಅದೇ 1970ರಲ್ಲಿ ಸ್ಟಾಕ್ಸ್‌ನ ಬುಕರ್ ಟಿ. ಅಂಡ್ ದ ಎಂಜೀಸ್ ತಂಡ ಬೀಟಲ್ಸ್ ಅವರ ‘ಅಬ್ಬೆ ರೋಡ್’ ಆಲ್ಬಮ್ಮಿನ ಹಾಡುಗಳನ್ನು ತೆಗೆದುಕೊಂಡು, ತಮ್ಮ ಸ್ಟುಡಿಯೋ ಇದ್ದ ಬೀದಿಯ ಹೆಸರಿನಲ್ಲಿ ‘ಮೆಕ್‌ಲೆಮೋರ್ ಅವೆನ್ಯೂ’ ಎಂಬ ಆಲ್ಬಮ್ ಮಾಡಿತು. ಅದನ್ನು ಯಾರೂ ಬಲವಂತದ ಅಂಗಿ ಎನ್ನಲಿಲ್ಲ. ನೆರೆಮನೆಯಿಂದ ತಂದ ಅಕ್ಕಿಯನ್ನು ನಮ್ಮ ಮನೆಯ ಒಲೆಯ ಮೇಲೆ ಇಟ್ಟರೆ ಅನ್ನ ನಮ್ಮ ಮನೆಯದೇ.

ನೀಲಿಧ್ವನಿ

ತಾವು ಅನ್ನದ ಮಾತಾಡಿದಿರಿ, ನಾನು ಒಡವೆಯ ಮಾತಾಡಿದ್ದೆ, ಹಳೆಯ_ತಟ್ಟೆಯವರು ಅಂಗಿಯ ಮಾತಾಡಿದರು. ಚಿಕ್ಕಪೇಟೆಯವರು ಇನ್ನೇನು ಇಡೀ ಸಂಸಾರಕ್ಕೇ ಅಂಗಡಿ ತೆರೆಯಬಹುದು.

ಟೆನ್ನೆಸ್ಸಿ_ಕನ್ನಡಿಗ

ಈ ಮಾತುಕತೆಯನ್ನು ಮೊನ್ನೆಯಿಂದ ಓದುತ್ತಿದ್ದೇನೆ. ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಮೆಂಫಿಸ್ ಇರುವ ಟೆನ್ನೆಸ್ಸಿ ರಾಜ್ಯದಲ್ಲಿ ನೆಲೆಸಿರುವುದರಿಂದ, ಭೂಪಟವನ್ನು ಬಿಡಿಸಿಟ್ಟರೆ ಪ್ರಶ್ನೆ ಸ್ವಲ್ಪ ಸಡಿಲವಾಗಬಹುದೆಂದು ತೋರಿತು.

ಎಲ್ವಿಸ್ ಮತ್ತು ಆಲ್ಬರ್ಟ್ ಕಿಂಗ್ ಅವರನ್ನು ನಾವು ಎರಡು ಲೋಕದವರೆಂಬಂತೆ ಮಾತನಾಡುತ್ತಿದ್ದೇವೆ. ಮೆಂಫಿಸ್‌ನಲ್ಲಿ ಅವು ಕಾರಿನಲ್ಲಿ ಕೆಲವೇ ನಿಮಿಷಗಳ ಅಂತರದ ಲೋಕಗಳು. 1954ರ ಜುಲೈ 5ರಂದು ಎಲ್ವಿಸ್ ‘ದಟ್ಸ್ ಆಲ್ ರೈಟ್’ ಹಾಡಿದ ಸನ್ ಸ್ಟುಡಿಯೋ ಯೂನಿಯನ್ ಅವೆನ್ಯೂದಲ್ಲಿದೆ. ಒಂದು ಕಿರಾಣಿ ಅಂಗಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಮೆಕ್‌ಲೆಮೋರ್ ಅವೆನ್ಯೂದ ಸ್ಟಾಕ್ಸ್ ಸಿಗುತ್ತದೆ. 1969ರ ಆರಂಭದಲ್ಲಿ ಎಲ್ವಿಸ್ ಇದೇ ಊರಿನ ಅಮೆರಿಕನ್ ಸೌಂಡ್ ಸ್ಟುಡಿಯೋದಲ್ಲಿ ಕುಳಿತು, ಇದೇ ಊರಿನ ವಾದಕರೊಂದಿಗೆ ಮತ್ತೆ ತನ್ನ ದನಿಯನ್ನು ಹುಡುಕಿಕೊಂಡರು. ಅಂದರೆ ಕಿಂಗ್ ಈ ಆಲ್ಬಮ್ ಮಾಡಿದಾಗ ಎಲ್ವಿಸ್ ಮುಗಿದ ಕಥೆಯಾಗಿರಲಿಲ್ಲ. ಊರಿನ ಬಾಯಲ್ಲಿ ಮತ್ತೆ ಹೊಸದಾಗಿ ಓಡಾಡುತ್ತಿದ್ದ ಹೆಸರು. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, 1973ರ ಜುಲೈ ಮತ್ತು ಡಿಸೆಂಬರಿನಲ್ಲಿ ಎಲ್ವಿಸ್ ಸ್ವತಃ ಸ್ಟಾಕ್ಸ್ ಸ್ಟುಡಿಯೋಗೆ ಬಂದು ಧ್ವನಿಮುದ್ರಣ ಮಾಡಿದರು. ಅವರ ಹಾಡುಗಳು ಮೂರು ವರ್ಷ ಮೊದಲೇ ಆ ಮನೆಯ ಹೊಸ್ತಿಲು ದಾಟಿದ್ದವು.

ಸ್ಟಾಕ್ಸ್ ಮೊದಲು ಒಂದು ಸಿನಿಮಾ ಮಂದಿರವಾಗಿತ್ತು. ಕುರ್ಚಿ ಕಿತ್ತು ಸ್ಟುಡಿಯೋ ಮಾಡಿದರು, ನೆಲದ ಇಳಿಜಾರನ್ನು ಹಾಗೆಯೇ ಬಿಟ್ಟರು. ಮೂಲ ಕಟ್ಟಡವನ್ನು 1989ರಲ್ಲಿ ಕೆಡವಿದರು. 2003ರಲ್ಲಿ ಅದೇ ಜಾಗದಲ್ಲಿ ವಸ್ತುಸಂಗ್ರಹಾಲಯ ತೆರೆದಾಗ ಆ ಇಳಿಜಾರನ್ನೂ ಮತ್ತೆ ಕಟ್ಟಿದ್ದಾರೆ. ನಾನು ಹೋದ ದಿನ ನನ್ನ ಮಗಳು ಕೈಯಲ್ಲಿದ್ದ ಕಿತ್ತಳೆಯನ್ನು ಬೀಳಿಸಿದಳು. ಅದು ಉರುಳುತ್ತಾ ಕೆಳಗಿನ ಗೋಡೆಯವರೆಗೂ ಹೋಗಿ ನಿಂತಿತು. ಅಂಥ ನೆಲದ ಮೇಲೆ ಕುಳಿತು ನುಡಿಸುವವರ ತಾಳ ಹಿಂದಕ್ಕೆ ಒರಗದೆ ಇನ್ನೇನಾದೀತು ಎಂದು ತಾಳಬದ್ಧ ಅವರ ಮಾತನ್ನು ಓದಿದಾಗ ನೆನಪಾಯಿತು. ಇದು ತಮಾಷೆಯ ಮಾತು, ದಾಖಲೆಪೆಟ್ಟಿಗೆಯವರು ಮನ್ನಿಸಬೇಕು.

ಅಲ್ಲಿಂದ ನದಿ ದಾಟಿ ಅರ್ಕಾನ್ಸಾದ ಎಡ್ಮಂಡ್‌ಸನ್ ಎಂಬ ಸಣ್ಣ ಊರಿಗೂ ಹೋಗಿದ್ದೆ. ಆಲ್ಬರ್ಟ್ ಕಿಂಗ್ ಅವರ ಸಮಾಧಿ ಅಲ್ಲಿದೆ. 1992ರ ಡಿಸೆಂಬರ್ 21ರಂದು ಹೃದಯಾಘಾತದಿಂದ ಮೆಂಫಿಸ್‌ನಲ್ಲಿ ತೀರಿಕೊಂಡರು. ಸುತ್ತಲೂ ಚಪ್ಪಟೆಯಾದ ಹೊಲಗಳು, ಬೇರೆ ಯಾರೂ ಇರಲಿಲ್ಲ. ಎಲ್ವಿಸ್ ಅವರ ಗ್ರೇಸ್‌ಲ್ಯಾಂಡ್ ಮನೆಯ ಮುಂದೆ ಅದೇ ಬೆಳಗ್ಗೆ ನಾನು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಿದ್ದೆ.

ನೀಲಿಧ್ವನಿ

ಕೊನೆಯ ಎರಡು ವಾಕ್ಯಗಳನ್ನು ನನ್ನ ಪರವಾದ ಸಾಕ್ಷ್ಯವೆಂದು ಬರೆದುಕೊಳ್ಳಿ.

ತಂತಿಮೋಹಿ

ಮತ್ತೆ ಎರಡು ರಾತ್ರಿ ಕೇಳಿದೆ. ಎಡಗೈಯವರ ಸಲಹೆಯಂತೆ ಹಾಡು ಮತ್ತು ಗಿಟಾರನ್ನು ಇಬ್ಬರ ಮಾತುಕತೆಯೆಂದು ಭಾವಿಸಿ ಕೇಳಿದಾಗ, ‘ಹೌಂಡ್ ಡಾಗ್’ನಲ್ಲಿ ಗಾಯಕ ಮೆತ್ತಗೆ ಬೈದು ಸುಮ್ಮನಾದ ಮೇಲೆ ಗಿಟಾರ್ ಜೋರಾಗಿ ಬೈಯುವುದು ಸ್ಪಷ್ಟವಾಗಿ ಕೇಳಿಸಿತು. ಆತನ ಕಂಠ ಮೃದು, ಕೈ ಒರಟು; ‘ವೆಲ್ವೆಟ್ ಬುಲ್ಡೋಜರ್’ ಎಂಬ ಅಡ್ಡಹೆಸರು ಏಕೆ ಅಂಟಿತೆಂಬುದು ನನಗೆ ಈಗ ಅರ್ಥವಾಯಿತು. ಆದರೂ ‘ಬ್ಲೂ ಸ್ವೇಡ್ ಶೂಸ್’ ನನಗೆ ಈಗಲೂ ಒಗ್ಗಲಿಲ್ಲ. ಆ ಹಾಡಿನ ಜೀವವೇ ಆತುರದಲ್ಲಿದೆ. ಆತುರ ತೆಗೆದರೆ ಬೂಟು ಮಾತ್ರ ಉಳಿಯುತ್ತದೆ. ‘ಲವ್ ಮಿ ಟೆಂಡರ್’ ಮಾತ್ರ ನನ್ನನ್ನು ಬೆರಗುಗೊಳಿಸಿತು. ಬ್ಲೂಸಿನ ಹನ್ನೆರಡು ಮಾತ್ರಾಗಣಗಳ ಚೌಕಟ್ಟಿಗೆ ಒಂದಿಷ್ಟೂ ಸೇರದ ಆ ಹಳೆಯ ಧಾಟಿಯನ್ನು ಅವರು ಕೈಗೆತ್ತಿಕೊಂಡ ಬಗೆಯ ಕುರಿತು ಹಳೆಯ_ತಟ್ಟೆಯವರು ಏನೂ ಹೇಳಿಲ್ಲವಲ್ಲ?

ಹಳೆಯ_ತಟ್ಟೆ

ಅದರ ಬಗ್ಗೆ ನಾನು ಹೇಳುವಂತಿಲ್ಲ.

ಎಡಗೈಯವನು

ಏಕೆ?

ಹಳೆಯ_ತಟ್ಟೆ

ಸರಿ, ಒಪ್ಪಿಕೊಳ್ಳುತ್ತೇನೆ. ಈ ಎಲ್‌ಪಿಯನ್ನು ಬಹಳ ಹಿಂದೆ ಒಬ್ಬ ಹಳೆಯ ಸಾಮಾನಿನ ವ್ಯಾಪಾರಿಯಿಂದ ಕೊಂಡಿದ್ದೆ. ಕವರಿನ ಒಳಗಿನ ತಟ್ಟೆಯನ್ನು ತೆಗೆದು ನೋಡಬೇಕೆಂದಾಗ ಆತ ‘ಹೊಚ್ಚ ಹೊಸದು ಸಾರ್, ಮುಟ್ಟಬೇಡಿ’ ಎಂದು ಕೈ ತಡೆದ. ಮನೆಗೆ ಬಂದು ನೋಡಿದರೆ ಎರಡನೆಯ ಬದಿಯ ಕೊನೆಯಲ್ಲಿ ಉಗುರಿನಿಂದ ಎಳೆದಂಥ ಗೀರು. ಸೂಜಿ ಅಲ್ಲಿಗೆ ಬಂದೊಡನೆ ಹಾರಿ ಮಧ್ಯದ ಚೀಟಿಯ ಮೇಲೆ ಬೀಳುತ್ತದೆ. ಕೊನೆಯ ಹಾಡನ್ನು ನಾನು ಇದುವರೆಗೂ ಪೂರ್ತಿಯಾಗಿ ಕೇಳಿಲ್ಲ.

ಚಿಕ್ಕಪೇಟೆ_ರಾಕರ್

ಮೂವತ್ತು ವರ್ಷ! ಒಂಬತ್ತರಲ್ಲಿ ಎಂಟು ಹಾಡು ಕೇಳಿ ‘ಚರ್ಚಿಸುವಂಥದ್ದೇನೂ ಇಲ್ಲ’ ಎಂದು ತೀರ್ಪು ಕೊಟ್ಟ ನ್ಯಾಯಾಧೀಶರು!

ದಾಖಲೆಪೆಟ್ಟಿಗೆ

ಎಂಟು ಹಾಡುಗಳಿಗೆ ಆ ತೀರ್ಪು ಈಗಲೂ ಸಿಂಧುವಾಗಿಯೇ ಇರಬಹುದು. ಒಂಬತ್ತನೆಯದಕ್ಕೆ ಮಾತ್ರ ಮರುವಿಚಾರಣೆ ನಡೆಯಲಿ.

ವೈಣಿಕೆ

ಹಳೆಯ_ತಟ್ಟೆಯವರೇ, ಫೋನಿನಲ್ಲಿಯೂ ಸಿಗುತ್ತದೆ. ನನ್ನ ಮಗನೇ ನನಗೆ ಹಾಕಿಕೊಟ್ಟದ್ದು.

ಹಳೆಯ_ತಟ್ಟೆ

ಫೋನಿನಲ್ಲಿ ಕೇಳುವುದು ನನಗೆ ವ್ರತಭಂಗ. ಆದರೂ ತಾವು ಹೇಳಿದಿರೆಂದು ಮೊಮ್ಮಗಳ ಕೈಯಲ್ಲಿ ಹಾಕಿಸಿಕೊಂಡು ಈಗ ತಾನೇ ಕೇಳಿದೆ. ಸ್ಟಾಕ್ಸ್‌ನವರು ಉಗ್ರಾಣ ತುಂಬಲೆಂದೇ ಈ ಆಲ್ಬಮ್ ಮಾಡಿದರೆಂಬ ನನ್ನ ಮಾತಿನಲ್ಲಿ ಬದಲಾವಣೆಯಿಲ್ಲ. ಉಗ್ರಾಣ ತುಂಬುವ ಕೆಲಸಕ್ಕೆ ಬಂದವನು ಆ ಕೊನೆಯ ಹಾಡಿಗೆ ಇಷ್ಟು ಹೊತ್ತು ಕೂರಬೇಕಾಗಿರಲಿಲ್ಲ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಮೊಮ್ಮಗಳು ಎರಡನೆಯ ಸಲ ಹಾಕಲೇ ಎಂದು ಕೇಳಿದಳು, ಹಾಕು ಎಂದೆ.

ಗೀರಿಲ್ಲದ ಪ್ರತಿ ಯಾರ ಬಳಿಯಾದರೂ ಇದ್ದರೆ ತಿಳಿಸಿ. ತಟ್ಟೆಯನ್ನು ಕವರಿನಿಂದ ತೆಗೆದು ತೋರಿಸಲು ಒಪ್ಪುವವರಿಗೆ ಆದ್ಯತೆ.